ಏಳನೆಯ ಲಕೋಟೆ

ನೇತ್ರಾವತಿಯ ಊರಿನಲ್ಲಿ ಟಪಾಲು ಮನೆಗೆ ಬರುವುದಿಲ್ಲ, ವಿರುಪಣ್ಣನ ಹಿಟ್ಟಿನ ಗಿರಣಿಗೆ ಬರುತ್ತದೆ. ಪೋಸ್ಟ್‌ಮನ್ ಓಬಳೆಪ್ಪ ಊರಿನ ಕಾಗದಗಳನ್ನೆಲ್ಲ ಗಿರಣಿಯ ಕಿಟಕಿಯಲ್ಲಿಟ್ಟು ಹೋಗುತ್ತಾನೆ. ಜೋಳ ಬೀಸಿಸಲು ಬಂದವರು ತಮ್ಮ ಓಣಿಯ ಕಾಗದಗಳನ್ನು ಒಯ್ಯುತ್ತಾರೆ. ನಡುವೆ ವಿರುಪಣ್ಣ ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡುತ್ತಾನೆ. ಬಿಸಿಲಿಗೆ ಕಾಣದ್ದನ್ನು ಬಿಚ್ಚಿ ನೋಡುತ್ತಾನೆ ಎಂಬುದು ನೇತ್ರಾವತಿಯ ಊಹೆ.

ಊಹೆಗೆ ಆಧಾರವಿತ್ತು. ಹೋದ ವರ್ಷ ಪ್ರಯೋಗಾಲಯ ಸಹಾಯಕಿಯ ಹುದ್ದೆಗೆ ದಾಖಲೆ ಪರಿಶೀಲನೆಯ ಪತ್ರ ಬಂದಾಗ ಗಿರಣಿಯ ಬೆಲ್ಟು ಹರಿದು ನಾಲ್ಕು ದಿನ ಬಾಗಿಲು ಹಾಕಿತ್ತು. ಪತ್ರ ಒಳಗೇ ಉಳಿಯಿತು. ಕೈಗೆ ಸಿಕ್ಕಾಗ ತಾರೀಖು ದಾಟಿತ್ತು, ಮಡಿಕೆಯೊಳಗೆ ಹಿಟ್ಟಿತ್ತು. ಈ ವರ್ಷ ಮತ್ತೆ ಅರ್ಜಿ ಹಾಕಿದ್ದಳು. ವಯಸ್ಸಿನ ಮಿತಿಯಿಂದಾಗಿ ಇದೇ ಕೊನೆಯ ಸಲ.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಜಗಳಕ್ಕೆ ಹೋಗಲಿಲ್ಲ. ಮನೆಯ ಬಾಗಿಲಿಗೆ ಬೀಗದ ಕಬ್ಬಿಣದ ಡಬ್ಬಿ ಹಾಕಿಸಿದಳು. ತನ್ನ ಟಪಾಲು ಅದಕ್ಕೇ ಬೀಳಬೇಕೆಂದು ಓಬಳೆಪ್ಪನಿಗೆ ಬರೆದು ಕೊಟ್ಟಳು. ಆಮೇಲೆ ಡಬ್ಬಿಯ ಪರೀಕ್ಷೆ. ಯಲಬುರ್ಗಾಕ್ಕೆ ಹೋದಾಗಲೆಲ್ಲ ತನಗೆ ತಾನೇ ಒಂದು ಪತ್ರ ಹಾಕಿದಳು. ಕಂದು ಲಕೋಟೆ, ಟೈಪು ಮಾಡಿದ ವಿಳಾಸ, ಥೇಟ್ ಸರ್ಕಾರಿ ಕಾಗದ. ಅಂಟಿನ ಅಡಿ ಒಂದು ತಲೆಗೂದಲು. ಯಾರಾದರೂ ಬಿಚ್ಚಿದರೆ ಅದು ತುಂಡಾಗಬೇಕು.

ಆರು ಪತ್ರ ಬಂದವು. ಆರೂ ಕೂದಲು ಇದ್ದಂತೆಯೇ ಇದ್ದವು. ನೋಟ್‌ಬುಕ್ಕಿನಲ್ಲಿ ‘ವ್ಯವಸ್ಥೆ ಸುರಕ್ಷಿತ’ ಎಂದು ಬರೆದು ಅಡಿಗೆರೆ ಎಳೆದಳು.

“ನಿನಗ ನೀನ ಏನ ಬರಕೊಂತೀಯವಾ?” ಎಂದಳು ಅವ್ವ ಶೇಖರಮ್ಮ.

“ಒಳಗ ಖಾಲಿ ಹಾಳಿ ಐತೆವಾ.”

“ಹಂಗಾರ ಅಂಚಿ ಖರ್ಚು ಯಾಕ?”

ಎರಡು ವಾರದ ಮೇಲೆ ವಿರುಪಣ್ಣನೇ ಮನೆಗೆ ಬಂದ. ಹುಬ್ಬಿನವರೆಗೆ ಹಿಟ್ಟು, ಕೈಯಲ್ಲಿ ಬಿಚ್ಚಿದ ಲಕೋಟೆ. ಹಿಂದೆ ಸೈಕಲ್ ಹಿಡಿದ ಓಬಳೆಪ್ಪ.

“ನೇತ್ರವ್ವಾ, ದಾಖಲೆ ನೋಡಾಕ ನಾಳೆ ಹತ್ತಕ್ಕ ಕೊಪ್ಪಳಕ್ಕ ಕರದಾರ ನಿನ್ನ!”

“ಇದು ನಿಮ್ಮ ಕೈಗೆ ಹೆಂಗ ಬಂತ್ರಿ ಕಾಕಾ?”

“ತಪ್ಪು ನಂದ್ರಿ ಅಕ್ಕಾರ,” ಎಂದ ಓಬಳೆಪ್ಪ. “ಎಲ್ಲಾ ನೀವ ಬರದು ನೀವ ತರಿಸ್ಕೊಂತೀರಂತ, ನಿಮ್ಮವ್ವಾರು ಹೇಳಿದ್ರು. ಅದ ಬಣ್ಣ, ಅದ ಟೈಪು. ಇದೂ ಅಂಥಾದ್ದ ಅಂತ ಈಗ ಗಿರಣ್ಯಾಗ ಇಟ್ಟೆ.”

“ನೀವು ಒಡದ್ರಿ?”

“ಒಡೀದ ಏನ ಮಾಡ್ಲಿ?” ಎಂದ ವಿರುಪಣ್ಣ. “ಇಷ್ಟು ಓದಿದ ಹುಡುಗಿ ತನಗ ತಾನ ಕಾಗದ ಬರಿಯಾಕ ಹತ್ಯಾಳ, ತಲಿ ಕೆಟ್ಟೈತೇನೋ ಅಂತ ಊರಾಗ ಮಾತೈತಿ. ಏನ ಬರದಾಳ ನೋಡೂಣು ಅಂತ ಒಡದೆ.”

ನೋಟ್‌ಬುಕ್ಕಿನಲ್ಲಿ ದೂರಿನ ಕರಡು ಸಿದ್ಧವಿತ್ತು. ಬೇಕಾಗಿದ್ದ ಸಾಕ್ಷಿ ಎದುರಿಗೇ ನಿಂತಿತ್ತು. ನೇತ್ರಾವತಿ ಇಬ್ಬರಿಗೂ ಚಹಾ ಮಾಡಿದಳು.

ಮರುದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಗಿರಣಿಯಿಂದ ಕೂಗು ಬಂತು: “ನೇತ್ರವ್ವಾ, 371-ಜೆ ಅಸಲಿ ಪ್ರತೀನ ಬೇಕಂತ, ಝೆರಾಕ್ಸ್ ನಡಿಯಂಗಿಲ್ಲಂತ. ಕೆಳಗ ಸಣ್ಣ ಅಕ್ಷರದಾಗ ಐತಿ. ತಗೊಂಡಿ ಇಲ್ಲೋ?”

ಫೈಲಿನಲ್ಲಿ, ಈ ಭಾಗದವಳೆಂಬ ಆ ಪ್ರಮಾಣಪತ್ರದ ಝೆರಾಕ್ಸ್ ಮೂರು ಇದ್ದವು. ಅಸಲನ್ನು ಬಸ್ಸಿನಲ್ಲಿ ಯಾರಾದರೂ ಕದ್ದಾರೆಂದು ಮನೆಯಲ್ಲೇ ಬಿಟ್ಟಿದ್ದಳು.

ಓಡಿದಳು. ಅದನ್ನು ಹಿಡಿದು ಮರಳಿದಾಗ ವಿರುಪಣ್ಣ ಬಸ್ಸಿಗೆ ಅಡ್ಡ ನಿಂತಿದ್ದ. ಸೀಟಿನಲ್ಲಿ ಕುಳಿತವರೆಲ್ಲ ಅವಳಿಗೆ ಜಾಗ ಬಿಟ್ಟರು. ಅಷ್ಟರಲ್ಲಿ ಅವರಿಗೆಲ್ಲ ಅವಳ ಅರ್ಜಿ ಸಂಖ್ಯೆಯೂ ಗೊತ್ತಾಗಿತ್ತು.