ನೂರಕ್ಕೆ ನೂರ ಹನ್ನೆರಡು

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನನಗೆ ನೂರಕ್ಕೆ ನೂರ ಹನ್ನೆರಡು ಅಂಕ ಬಂದವು. ಮೇಲಿನ ಹನ್ನೆರಡು ಎಲ್ಲಿಂದ ಬಂತು ಎಂದು ಕೇಳುವವರು ಕೇಳುತ್ತಾರೆ. ಅಕ್ಷರ ದುಂಡಗಿದೆ ಎಂದು ಕೊಟ್ಟರು. ಆ ಪರೀಕ್ಷೆಯಲ್ಲಿ ಅಕ್ಷರ ಬರೆಯುವುದೇ ಇಲ್ಲ, ಬರೀ ಸೊನ್ನೆಗಳಿಗೆ ಕಪ್ಪು ತುಂಬುವುದು ಎಂದು ಹೊಟ್ಟೆಕಿಚ್ಚಿನವರು ಹೇಳಬಹುದು. ನಾನು ಸೊನ್ನೆ ತುಂಬಿದ ಚಂದ ನೋಡಿಯೇ ನನ್ನ ಅಕ್ಷರ ಹೇಗಿರಬಹುದೆಂದು ಅವರಿಗೆ ಗೊತ್ತಾಯಿತಂತೆ.

ನನ್ನ ಕಸುಬು ಕ್ಷೌರ. ಮೂರು ಕುರ್ಚಿಯ ಸಲೂನು, ಒಂದು ಗೋಡೆಯ ಉದ್ದಕ್ಕೂ ಕನ್ನಡಿ. ನನ್ನ ಕತ್ತರಿಯ ಸದ್ದಿಗೆ ಎದುರು ಮನೆಯ ಮಗು ನಿದ್ದೆ ಹೋಗುತ್ತದೆ. ಬೋಳುತಲೆಯವರು ಸುಮ್ಮನೆ ಗಾಳಿಗೆ ಬಂದು ಕೂತು, ಎದ್ದು ಹೋಗುವಾಗ ಬಾಚಣಿಗೆ ಕೇಳಿದ್ದುಂಟು. ಇಂಥ ಅಂಗಡಿಯಲ್ಲಿ ಕಾನೂನಿನ ಪಾಠ ಶುರುವಾಗಿದ್ದು ನನ್ನ ಅಕ್ಕನ ದೆಸೆಯಿಂದ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಒಗೆದ ಹೊದಿಕೆಗಳನ್ನು ಬಿಸಿ ರೋಲರಿನ ಬಾಯಿಗೆ ಕೊಟ್ಟು ಇಸ್ತ್ರಿ ಮಾಡಿಸುವುದು ಅವಳ ಕೆಲಸ. ಜೊತೆಯವಳೊಬ್ಬಳ ಬೆರಳು ಆ ರೋಲರಿಗೆ ಸಿಕ್ಕಾಗ ಪರಿಹಾರ ಕೇಳಬೇಕೆಂದು ಎಲ್ಲರೂ ಸೇರಿ ಒಬ್ಬ ವಕೀಲರ ಹತ್ತಿರ ಹೋದರು. ವಕೀಲರು ಹೇಳಿದ್ದಕ್ಕೆಲ್ಲ ಇವರು ತಲೆಯಾಡಿಸಿದರು. ಮೆಟ್ಟಿಲಿಳಿದು ಬೀದಿಗೆ ಬಂದ ಮೇಲೆ ನೋಡಿದರೆ ಒಬ್ಬರಿಗೂ ಒಂದು ಮಾತೂ ತಿಳಿದಿರಲಿಲ್ಲ. ಅವತ್ತು ಅಕ್ಕ ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಬಂದು ನಡುವಿನ ಕುರ್ಚಿಯಲ್ಲಿ ಕೂತಳು.

"ನಾನು ಲಾ ಓದ್ತೀನಿ ಕಣೋ."

"ಓದು."

"ನಗಬೇಡ."

"ನಾನೆಲ್ಲಿ ನಕ್ಕೆ?"

"ಬೆನ್ನ ಹಿಂದೆ ನಿಂತ್ರೆ ಕಾಣಲ್ಲ ಅನ್ಕೊಂಡ್ಯಾ? ಕನ್ನಡಿ ಇದೆ."

ಹಗಲಿನ ಕೆಲಸ ಬಿಡುವ ಹಾಗಿಲ್ಲ, ಆದ್ದರಿಂದ ಅವಳಿಗೆ ಸಂಜೆ ಕಾಲೇಜೇ ಗತಿ. ಆ ಕಾಲೇಜಿನವರೋ, ಸಂಜೆ ತರಗತಿಗೆ ಹೊಸಬರನ್ನು ತೆಗೆದುಕೊಳ್ಳುವುದು ಇದೇ ಕೊನೆ, ಮುಂದಿನ ವರ್ಷದಿಂದ ಹಗಲು ಮಾತ್ರ ಎಂದು ಬೋರ್ಡು ತೂಗಿಹಾಕಿದ್ದರು. ಈ ಸಲ ಸೀಟು ಸಿಗದಿದ್ದರೆ ಅಕ್ಕನ ಕರಿಕೋಟು ಅಲ್ಲಿಗೇ ಮಡಚಿದಂತೆ. ಅದರ ಮೇಲೆ ನಾಚಿಕೆ ಬೇರೆ.

"ಮಗಳ ವಯಸ್ಸಿನವರ ಮಧ್ಯೆ ನಾನೊಬ್ಬಳೇ ಹೋಗಿ ಕೂರಲ್ಲಪ್ಪ. ನೀನೂ ಬರೆಯೋದಾದ್ರೆ ಬರೀತೀನಿ."

"ನಾನಾಗಲೇ ಅರ್ಜಿ ಹಾಕಿ ಆಯ್ತಲ್ಲ," ಅಂದೆ, ಗಡ್ಡಕ್ಕೆ ನೊರೆ ಹಚ್ಚಿದಷ್ಟೇ ಸಲೀಸಾಗಿ.

ಸಲೂನಿಗೆ ವಾರದ ರಜೆ ಇರುವ ದಿನ ಅರ್ಧ ಬಾಗಿಲು ಎಳೆದುಕೊಂಡು ಪಾಠ ಶುರುವಾಯಿತು. ನನ್ನ ಕೀರ್ತಿ ಕೇಳಿ ಸಾವಿರಾರು ಮಂದಿ ಸಾಲು ನಿಂತರು. ಜಾಗವಿಲ್ಲವೆಂದು ಇಬ್ಬರನ್ನು ಮಾತ್ರ ಒಳಗೆ ಬಿಟ್ಟೆ. ಒಬ್ಬ ಅಕ್ಕನ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ. ಸೈರನ್ ಹಾಕಿ ಊರನ್ನೇ ಸೀಳಿಕೊಂಡು ಹೋಗುವ ಈ ಮನುಷ್ಯ ಪ್ರಶ್ನೆ ಓದಲು ಕೂತರೆ ಪ್ರತಿ ಪದಕ್ಕೂ ಬ್ರೇಕ್ ಒತ್ತುತ್ತಿದ್ದ. ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟೆ. ಇನ್ನೊಬ್ಬಳು ಪಕ್ಕದ ಮೆಡಿಕಲ್ ಶಾಪಿನ ಹುಡುಗಿ. ಊಟಕ್ಕೆ ಮುಂಚೆ ಒಂದು ಮಾತು, ಊಟ ಆದ ಮೇಲೆ ಒಂದು, ಅದಕ್ಕಿಂತ ಜಾಸ್ತಿ ಕೊಡುವವಳಲ್ಲ. ಅವಳು ಮಾತ್ರೆ.

ಭಾಷೆ, ಸಾಮಾನ್ಯ ಜ್ಞಾನ ಎಲ್ಲ ಅವರೇ ಓದಿಕೊಂಡರು. ಮೂವರನ್ನೂ ಮುಗ್ಗರಿಸಿ ಬೀಳಿಸಿದ್ದು ಸಾಲಿನ ಲೆಕ್ಕ. ಐದು ಜನ ಒಂದೇ ಸಾಲಿನಲ್ಲಿ ಕೂತಿದ್ದಾರೆ, ವೈದ್ಯನ ಎಡಕ್ಕೆ ಶಿಕ್ಷಕಿ, ನ್ಯಾಯಾಧೀಶನ ಬಲಕ್ಕೆ ಗಾಯಕ, ರೈತ ತುದಿಯಲ್ಲಿಲ್ಲ, ಅವನ ಎಡಕ್ಕೆ ವೈದ್ಯ, ಹಾಗಾದರೆ ಬಲತುದಿಯಲ್ಲಿ ಯಾರು ಅನ್ನುವ ಜಾತಿಯ ಪ್ರಶ್ನೆಗಳು. ಬುದ್ಧಿ ನೋಡಲಿಕ್ಕೆ ಇಂಥವನ್ನು ರಾಶಿ ರಾಶಿ ಕೇಳುತ್ತಾರೆ.

"ಇವರೆಲ್ಲ ಯಾಕೆ ಒಟ್ಟಿಗೆ ಕೂತಿದ್ದಾರೆ?" ನಿಧಾನಪ್ಪ ಕೇಳಿದ. "ಯಾರಿಗಾದ್ರೂ ಹುಷಾರಿಲ್ವಾ?"

ಆಗ ನಾನು ಎದ್ದು ನಿಂತೆ. ಈ ಭೂಮಿಯ ಮೇಲೆ ಯಾವ ಮೇಷ್ಟರಿಗೂ ಹೊಳೆಯದ ವಿಧಾನ ನನಗೆ ಹೊಳೆದಿತ್ತು. ಸಾಲಿನ ಲೆಕ್ಕಕ್ಕೆ ಸಾಲು ಕುರ್ಚಿಯೇ ಇದೆಯಲ್ಲ. ಮೂವರನ್ನೂ ಮೂರು ಕುರ್ಚಿಯಲ್ಲಿ ಕೂರಿಸಿದೆ. ಆ ತುದಿಗೆ ಸ್ಟೂಲು ಇಟ್ಟು, ನಾನು ಕೆಲಸ ಕಲಿತ ಪ್ಲಾಸ್ಟಿಕ್ ತಲೆಯನ್ನು ಅದರ ಮೇಲೆ ನ್ಯಾಯಾಧೀಶನಾಗಿ ಕೂರಿಸಿದೆ. ಈ ತುದಿಯ ಸ್ಟೂಲಿಗೆ ಟವೆಲ್ಲಿನ ಗಂಟು. ಅದು ಪ್ರಶ್ನೆಗೆ ತಕ್ಕಂತೆ ಒಮ್ಮೆ ರೈತ, ಒಮ್ಮೆ ಗಾಯಕ. ನಾನು ಹಿಂದೆ ನಿಂತು ಕನ್ನಡಿ ನೋಡುತ್ತಾ, ಯಾರ ಎಡಕ್ಕೆ ಯಾರು ಎಂದು ಬಾಚಣಿಗೆಯಲ್ಲಿ ತೋರಿಸುತ್ತಿದ್ದೆ.

ನಿಯಮ ಒಂದೇ. "ಯಾರೂ ನಿಮ್ಮನ್ನ ನೀವು ನೋಡ್ಕೋಬೇಡಿ, ಕನ್ನಡಿ ನೋಡಿ. ಅಲ್ಲಿರೋರು ನಮ್ಮ ಕಡೆ ಮುಖ ಮಾಡಿ ಕೂತಿದ್ದಾರೆ. ಎದುರಿಗೆ ಕೂತವರ ಎಡ ಯಾವುದು? ನಮ್ಮ ಬಲ. ಅಷ್ಟು ನೆನಪಿಟ್ರೆ ಸೀಟು ಸಿಕ್ಕಿದ ಹಾಗೆ."

ಎರಡೇ ವಾರದಲ್ಲಿ ಮೂವರೂ ಕಣ್ಣು ಮುಚ್ಚಿದರೆ ಸಾಕು, ಮನಸ್ಸಿನಲ್ಲಿ ಕನ್ನಡಿ ಮೂಡುವಷ್ಟು ಪಳಗಿದರು. ನಿಧಾನಪ್ಪ ಕೂಡ ಸಾಲಿನ ಲೆಕ್ಕದಲ್ಲಿ ಸೈರನ್ ಹಾಕಿ ಓಡುತ್ತಿದ್ದ.

ಪರೀಕ್ಷೆ ಹತ್ತಿರ ಬಂದಾಗ ನನ್ನ ಹಳೆಯ ಗಿರಾಕಿ, ಗ್ರಂಥಾಲಯದ ಮೇಷ್ಟ್ರು, ಅಲ್ಲಿಗೆ ಓದಲು ಬರುವವರಿಗೆಲ್ಲ ಒಂದು ಮಾದರಿ ಪರೀಕ್ಷೆ ಇಟ್ಟರು. ಇವರು ಮೂವರೂ ಹೋದರು. ನಾನು ಹೋಗಲಿಲ್ಲ, ನನ್ನಂಥವನು ಹೋದರೆ ಉಳಿದವರ ಧೈರ್ಯ ಕುಗ್ಗುತ್ತದೆ. ಸಂಜೆ ಅಕ್ಕ ಅಂಗಡಿಗೆ ಬಂದಾಗ ಅವಳ ಮುಖ ನೋಡಿ, ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ಗಡ್ಡದಲ್ಲೇ ಮತ್ತೆ ಬರ್ತೀನಿ ಎಂದು ಎದ್ದು ಹೋದ. ಹಿಂದೆಯೇ ಉಳಿದಿಬ್ಬರೂ ಬಂದರು.

"ಸಾಲಿನ ಲೆಕ್ಕ ಒಂದೂ ಸರಿ ಇಲ್ಲ," ಅಕ್ಕ ಹೇಳಿದಳು. "ಹೋಗ್ಲಿ, ಅದಲ್ಲ. ಮೂವರದೂ ಒಂದೇ ಥರ ತಪ್ಪು. ಮೇಷ್ಟ್ರು ಕರೆದು ಕೇಳಿದ್ರು, ಸರಿ ಉತ್ತರ ಒಂದೇ ಥರ ಇರೋದು ಸಹಜ, ತಪ್ಪು ಹೇಗಮ್ಮ ಒಂದೇ ಥರ ಇರುತ್ತೆ ಅಂತ."

"ನಾವು ಕೂತಿದ್ದು ಮೂರು ಮೂಲೆಯಲ್ಲಿ," ನಿಧಾನಪ್ಪ ಹೇಳಿದ. "ನಾನು ಕಾಪಿ ಹೊಡೀಬೇಕಾದ್ರೆ ಆಂಬುಲೆನ್ಸಲ್ಲೇ ಹೋಗ್ಬೇಕಿತ್ತು."

ಅಕ್ಕ ನಗಲಿಲ್ಲ. "ಕಾಪಿ ಹೊಡೆಯೋಳು ಲಾಯರ್ ಆಗ್ತಾಳಂತೆ ಅನ್ನೋ ಹಾಗೆ ಎಲ್ಲರೂ ನೋಡಿದ್ರು ಕಣೋ. ಸಾಕು. ನನಗ್ಯಾಕೆ ಬೇಕಿತ್ತು ಇದೆಲ್ಲ. ನಾನು ಬರೆಯಲ್ಲ."

ಪ್ರಶ್ನೆಪತ್ರಿಕೆಯೇ ಉಲ್ಟಾ ಅಚ್ಚಾಗಿರಬೇಕು ಎಂದೆ. ಮೇಷ್ಟರಿಗೆ ಕಣ್ಣು ಮಂಜು ಎಂದೆ. ನನ್ನ ವಿಧಾನ ಕಂಡು ಹೊಟ್ಟೆ ಉರಿದುಕೊಂಡಿದ್ದಾರೆ ಎಂದೆ. ಯಾವುದೂ ನಡೆಯಲಿಲ್ಲ. ಅಕ್ಕ ನಡುವಿನ ಕುರ್ಚಿಯಲ್ಲಿ ಕೂತು ಕನ್ನಡಿಯನ್ನೇ ದಿಟ್ಟಿಸುತ್ತಿದ್ದಳು. ಕೆಲಸದ ಮಧ್ಯೆ ಕಣ್ಣಿಗೆ ಬೀಳಲೆಂದು ಅವಳು ಯಾವಾಗಲೂ ಎಡಗೈಗೆ ದೊಡ್ಡದೊಂದು ವಾಚು ಕಟ್ಟುತ್ತಾಳೆ. ಇದ್ದಕ್ಕಿದ್ದ ಹಾಗೆ ಆ ಕೈ ಚಾಚಿ ಪಕ್ಕದ ಕುರ್ಚಿಯ ನಿಧಾನಪ್ಪನ ಭುಜ ಮುಟ್ಟಿದಳು.

"ಇದು ನನ್ನ ಯಾವ ಕೈ?"

"ಎಡಗೈ."

"ಹಾಗಾದ್ರೆ ಇವನು ನನ್ನ ಯಾವ ಪಕ್ಕ ಕೂತಿದ್ದಾನೆ?"

ನಾನು ಅಭ್ಯಾಸಬಲದಿಂದ ಕನ್ನಡಿ ನೋಡಿದೆ. ಎದುರಿಗಿದ್ದವರ ಎಡ ನಮ್ಮ ಬಲ, ಎದುರಿಗಿದ್ದವರ ಬಲ ನಮ್ಮ ಎಡ. "ಬಲ ಪಕ್ಕ," ಅಂದೆ.

ಮಾತ್ರೆ ನಗಲು ಶುರು ಮಾಡಿದಳು. ಅಷ್ಟು ದಿನ ಡಬ್ಬಿಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಒಂದೇ ಸಲ ಸುರಿದ ಹಾಗೆ ನಕ್ಕಳು.

"ಅಣ್ಣ, ನಾವು ಕೂತಿದ್ದು ಕುರ್ಚಿಯಲ್ಲಿ. ಕನ್ನಡಿಯೊಳಗಲ್ಲ."

ಅವರ ಬುದ್ಧಿ ಅಳೆಯಲು ಬೇಕೆಂದೇ ಹಾಗೆ ಕಲಿಸಿದ್ದೆ, ಎಂದಾದರೂ ಕಂಡುಹಿಡಿಯುತ್ತಾರೋ ನೋಡೋಣ ಎಂದು ಕಾಯುತ್ತಿದ್ದೆ ಎಂದು ನಾನು ಕೂಡಲೇ ಸ್ಪಷ್ಟಪಡಿಸಿದೆ. ಅವರಾಗಲೇ ಕುರ್ಚಿಗಳನ್ನು ಗರಗರ ತಿರುಗಿಸಿ ಬಾಗಿಲ ಕಡೆ ಮುಖ ಮಾಡುತ್ತಿದ್ದರು. ಅಕ್ಕ ಟವೆಲ್ಲಿನ ಗಂಟು ಬಿಚ್ಚಿ ಕನ್ನಡಿಗೆ ಮುಸುಕು ಹಾಕಿದಳು. ಮತ್ತೆ ಮೊದಲಿಂದ ಶುರು. ಪ್ರತಿ ಲೆಕ್ಕಕ್ಕೂ ಅವಳು ವಾಚಿನ ಕೈ ಎತ್ತಿ, "ಇದು ಎಡ," ಎಂದು ಹೇಳಿಕೊಂಡೇ ಮುಂದೆ ಹೋಗುತ್ತಿದ್ದಳು.

ಮರುದಿನ ಅವಳು ಗ್ರಂಥಾಲಯದ ಮೇಷ್ಟರನ್ನೇ ಎಳೆದುಕೊಂಡು ಬಂದು ನಡುವಿನ ಕುರ್ಚಿಯಲ್ಲಿ ಕೂರಿಸಿ, ಆದದ್ದನ್ನು ಮಾಡಿ ತೋರಿಸಿದಳು. ಅವರು ಬಹಳ ಹೊತ್ತು ಕನ್ನಡಿ ನೋಡಿ ಎದ್ದರು. "ತಪ್ಪು ತಿಳ್ಕೊಂಡೆ, ಬರೀಮ್ಮ," ಎಂದು ಅಕ್ಕನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಎಡಗಡೆ ಕೃತಾ ಸ್ವಲ್ಪ ಕಡಿಮೆ ಮಾಡಪ್ಪ ಅಂದ್ರೆ ಬಲಗಡೇದು ಯಾಕೆ ಹೋಗುತ್ತೆ ಅಂತ ಇವತ್ತು ಗೊತ್ತಾಯ್ತು," ಎಂದರು.

ಪರೀಕ್ಷೆಯ ದಿನ ನಾವು ನಾಲ್ವರೂ ಗೇಟಿನ ಹತ್ತಿರ ಸೇರಿದೆವು. ನನ್ನ ಕೊಠಡಿ ಹಿಂದಿನ ಕಟ್ಟಡದಲ್ಲಿ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಗೇಟಿನವನು ಚೀಲ ಒಳಗೆ ಬಿಡುವುದಿಲ್ಲ ಎಂದ. ವಾಚೂ ಬಿಚ್ಚಬೇಕು ಎಂದ.

ಅಕ್ಕನ ಮುಖ ಹಿಂಡಿದ ಬಟ್ಟೆಯ ಹಾಗೆ ಮುದುಡಿತು. ಉಳಿದವರಿಗೆ ಅದು ಬರೀ ವಾಚು. ಅವಳಿಗೆ ಎಡ ಎನ್ನುವುದೇ ಅದು. ಬಿಚ್ಚಿ ನನ್ನ ಕೈಗೆ ಕೊಟ್ಟಳು. ಆಗ ನಾನೊಂದು ಭಾಷಣ ಮಾಡಿದೆ. ಹೆಣ್ಣು, ವಿದ್ಯೆ, ನ್ಯಾಯ, ಮೂರರ ಮೇಲೂ ಮಾಡಿದೆ. ಗೇಟಿನವನು ಕಣ್ಣೊರೆಸಿಕೊಂಡ. ಬೀದಿಯಲ್ಲಿ ಬಸ್ಸುಗಳು ನಿಂತವು. ಅಕ್ಕ ಎದೆ ಉಬ್ಬಿಸಿಕೊಂಡು ಒಳಗೆ ನಡೆದಳು. ಅವಳ ಚೀಲ, ವಾಚು ಗೇಟಿನ ಕೌಂಟರಿನಲ್ಲಿ ಕೊಟ್ಟು ಟೋಕನ್ ಜೇಬಿಗೆ ಹಾಕಿಕೊಂಡು ನಾನೂ ಒಳಗೆ ಹೋದೆ. ಪ್ರಶ್ನೆಪತ್ರಿಕೆ ನನ್ನನ್ನು ಕಂಡು ಬೆವೆತಿತು. ಉಳಿದವರು ಹೆಸರು ತುಂಬುವಷ್ಟರಲ್ಲಿ ನಾನು ಎಲ್ಲ ಮುಗಿಸಿ, ಗೇಟಿನ ಎದುರಿನ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದೆ.

ಫಲಿತಾಂಶ ಬಂದ ದಿನ ಅಕ್ಕ ಲಾಂಡ್ರಿಯ ಏಪ್ರನ್ ಕೂಡ ಬಿಚ್ಚದೆ ಬೀದಿಯಲ್ಲಿ ಓಡಿ ಬಂದಳು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ ಎಡಗೈ ಎತ್ತಿದಳು, ಅಷ್ಟೇ. ಸಂಜೆ ತರಗತಿಯ ಸೀಟು ಅವಳದಾಗಿತ್ತು. ಮಾತ್ರೆಗೂ ಸಿಕ್ಕಿತು. ನಿಧಾನಪ್ಪನಿಗೆ ಸಾಲಿನ ಲೆಕ್ಕವೆಲ್ಲ ಸರಿಯಾಗಿ, ಭಾಷೆಯ ಪುಟ ಓದಿ ಮುಗಿಸುವ ಮೊದಲೇ ಗಂಟೆ ಹೊಡೆದು ಸೀಟು ತಪ್ಪಿತು. ಮುಂದಿನ ವರ್ಷ ರಾತ್ರಿ ಪಾಳಿ ಹಾಕಿಸಿಕೊಂಡು ಹಗಲಿನ ಕಾಲೇಜಿಗೇ ಬರೀತೀನಿ ಎಂದಿದ್ದಾನೆ. ಬೆರಳು ಕಳಕೊಂಡ ಆ ಗೆಳತಿ ಲಾಂಡ್ರಿಯವರ ಪರವಾಗಿ ಅಕ್ಕನಿಗೆ ಒಂದು ಪೆನ್ನು ತಂದುಕೊಟ್ಟಳು.

ಈಗ ಕಾಲೇಜಿನ ಗೋಡೆ ಪತ್ರಿಕೆಗೆ, ಹೊಸಬರು ಇಲ್ಲಿಗೆ ಬಂದ ಬಗೆಯನ್ನು ಬರೆದುಕೊಡಿ ಎಂದು ಅಕ್ಕನನ್ನು ಕೇಳಿದ್ದಾರೆ. ಅವಳಿಗೆ ಪುರುಸೊತ್ತಿಲ್ಲ. ಇದ್ದರೂ ನಡೆದದ್ದನ್ನು ನಡೆದ ಹಾಗೇ ಬರೆದುಬಿಡುವ ಹೆಂಗಸು ಅವಳು, ಓದುವವರು ಆಕಳಿಸಿ ಸಾಯುತ್ತಾರೆ. ಹಾಗಾಗಿ ಆ ಭಾರ ನಾನೇ ಹೊತ್ತು ಇಲ್ಲಿಯವರೆಗೆ ಬರೆದಿದ್ದೆ. ಅಷ್ಟರಲ್ಲಿ ಅವಳು ಬಂದಳು. ನಡುವಿನ ಕುರ್ಚಿಯಲ್ಲಿ ಕೂತು ಮೊದಲಿಂದ ಓದಿದಳು. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಪಾಟೀಸವಾಲು ಶುರು ಮಾಡಿದಳು.

"ನಿನ್ನ ಹಾಲ್ ಟಿಕೆಟ್ ನಂಬರ್ ಎಷ್ಟು?"

"ಮರೆತುಹೋಗಿದೆ."

"ನನ್ನ ಚೀಲದ ಟೋಕನ್ ನಂಬರ್?"

"ನೂರ ಹನ್ನೆರಡು," ಅಂದುಬಿಟ್ಟೆ.

"ಓಹೋ." ಅವಳು ಹಾಳೆಯನ್ನು ತೊಡೆಯ ಮೇಲಿಟ್ಟಳು. "ನಾನು ಹೊರಗೆ ಬಂದಾಗ ನೀನು ಟೀ ಕುಡೀತಾ ಕೂತಿದ್ದೆ. ಪಕ್ಕದಲ್ಲಿ ಎಷ್ಟು ಖಾಲಿ ಲೋಟ ಇತ್ತು ಗೊತ್ತಾ? ಟೀಯವನನ್ನ ಕೇಳಿದೆ. ಬೆಳಗಿಂದ ಇಲ್ಲೇ ಇದ್ದಾರೆ, ಎದ್ದೇ ಇಲ್ಲ ಅಂದ."

"ಗೊತ್ತಿದ್ದೂ ಇಷ್ಟು ದಿನ ಸುಮ್ನಿದ್ಯಾ?"

"ಸಾಕ್ಷಿ ಬಾಯಿಂದಲೇ ಬರಲಿ ಅಂತ. ಮೊದಲ ಸೆಮಿಸ್ಟರಲ್ಲಿ ಅದನ್ನೇ ಹೇಳ್ಕೊಡೋದು. ಇನ್ನೊಂದು, ಗೇಟಲ್ಲಿ ನೀನು ಭಾಷಣಗೀಷಣ ಏನೂ ಮಾಡಲಿಲ್ಲ. ನನ್ನ ಕೈ ತಿರುಗಿಸಿ, ವಾಚು ಕಟ್ಟಿದ್ದ ಜಾಗದಲ್ಲಿ ಬಿಸಿಲು ತಾಗದೆ ಉಳಿದ ಬಿಳಿ ಗುರುತು ತೋರಿಸಿದೆ. ಬಾಯೇ ಬಿಡಲಿಲ್ಲ. ಒಳಗೆ ನಾನು ಅದನ್ನೇ ನೋಡ್ಕೊಂಡು ಬರೆದಿದ್ದು. ಅಷ್ಟನ್ನ ಬರಿಯೋ, ಸಾಕು."

ಸರಿ, ಬರೆಯುತ್ತೇನೆ. ನಾನು ಆ ಪರೀಕ್ಷೆ ಬರೆಯಲಿಲ್ಲ. ಅರ್ಜಿ ಹಾಕಲೂ ಇಲ್ಲ. ಹಾಕುವ ಹಾಗಿರಲಿಲ್ಲ, ಹನ್ನೆರಡನೇ ಕ್ಲಾಸಿನ ಗಣಿತ ನನಗಿನ್ನೂ ಬಾಕಿ ಇದೆ. ನಾನೂ ಬರೆಯುತ್ತೇನೆ ಎನ್ನದಿದ್ದರೆ ಅಕ್ಕ ಹೋಗುತ್ತಿರಲಿಲ್ಲ, ಅದಕ್ಕೆ ಹಾಗೆ ಹೇಳಿದೆ. ಎಡಬಲದ ಪಾಠವನ್ನು ಬೇಕೆಂದು ತಪ್ಪು ಹೇಳಿಕೊಡಲಿಲ್ಲ, ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಸಾವಿರಾರು ಮಂದಿ ಸಾಲು ನಿಲ್ಲಲಿಲ್ಲ. ಬಸ್ಸುಗಳು ನಿಂತಿದ್ದು ಮಾತ್ರ ನಿಜ. ಅಲ್ಲಿ ಬಸ್ ಸ್ಟಾಪಿದೆ.

ಈಗ ರಜೆಯ ದಿನ ಅರ್ಧ ಬಾಗಿಲು ಎಳೆದ ಮೇಲೆ ನಡುವಿನ ಕುರ್ಚಿಯಲ್ಲಿ ಕೂರುವವನು ನಾನು. ಅಕ್ಕ, ನಿಧಾನಪ್ಪ, ಮಾತ್ರೆ ಮೂವರೂ ಸೇರಿ ನನಗೆ ಗಣಿತ ಹೇಳಿಕೊಡುತ್ತಿದ್ದಾರೆ. ಪರೀಕ್ಷೆಗೆ ಹೆಸರು ಕೊಟ್ಟಾಗಿದೆ. ಇದು ಸುಳ್ಳಲ್ಲ. ಅಕ್ಕನೇ ಜೊತೆಗೆ ಬಂದು, ನಾನು ಸಹಿ ಹಾಕುವವರೆಗೂ ಪಕ್ಕದಲ್ಲೇ ನಿಂತಿದ್ದಳು. ಎಡ ಪಕ್ಕದಲ್ಲಿ.