ಶಾಲೆಯ ಕಕ್ಕಸಿಗೆ ಬಿದ್ದ ಬೀಗ

"ಹೇಲೋಕೂ ನಿಮ್ಗೆ ಬಾಗ್ಲು ಬೇಕೇನ್ರೇ, ಕಬ್ಬಿನ್ ಗದ್ದೇಲಿ ಹುಟ್ಟಿದ್ ಬೋಳಿಮಕ್ಳಾ!"

ದಣಿಗಳ ಕಬ್ಬಿನ ತೋಟದ ಮೇಸ್ತ್ರಿ ಕ್ರಿಸ್ಪಿನ್ ಹೊಸ ಕಕ್ಕಸಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಶಾಲೆಯ ಹೆಣ್ಣುಮಕ್ಕಳು ಬಾಗಿಲ ಮುಂದೆ ಬೆಪ್ಪಾಗಿ ನಿಂತಿದ್ದರು. ಕಬ್ಬಿನ ಕಳೆ ಕೀಳುತ್ತಿದ್ದ ಲೂದಿ ಮಣ್ಣುಗೈಯಲ್ಲೇ ಓಡಿಬಂದಳು.

"ಬೀಗ ಯಾಕ್ ಮೇಸ್ತ್ರಿ? ಇದು ಮಕ್ಳುದು."

"ದಣಿಗಳ್ದು ಕಣೇ. ಪಟ್ಣದಿಂದ ಸಾಹೇಬ್ರು ಬಂದಾಗ ತೆಗೀತೀವಿ. ನೀವು ಹೊಕ್ಕರೆ ಗಬ್ಬೆಬ್ಬಿಸ್ತೀರಿ."

ಹೋದ ಕಟಾವಿನಲ್ಲಿ ಲೂದಿಯ ಹತ್ತು ವರ್ಷದ ಮಗಳು ನೆನೆಂಗ್, ಟೀಚರನ್ನು ಕೇಳಿ ಕಬ್ಬಿನೊಳಗೆ ಹೋಗಿ ಕೂತವಳು ನಾಗರ ಕಚ್ಚಿ ಸತ್ತಳು. ಸತ್ತವಳಿಗಾಗಿ ಒಂಬತ್ತು ದಿನದ ಪ್ರಾರ್ಥನೆ ಮುಗಿದದ್ದೇ ತಡ, ಲೂದಿ ಕೂಲಿ ಲೈನಿನ ಮನೆಮನೆಗೂ ಹೋದಳು. "ನನ್ ಕೂಸಂತೂ ಹೋಯ್ತು. ನಿಮ್ ಕೂಸಿಗಾದ್ರೂ ಒಂದು ಮರೆ ಕಟ್ಟಾಣ ಬನ್ನಿ" ಎಂದು ಅಂಗಲಾಚಿದಳು. ಒಬ್ಬ ಕಾಳಗದ ಹುಂಜ ಮಾರಿ ಸಿಮೆಂಟು ತಂದ. ವಿಧವೆಯೊಬ್ಬಳು ತನ್ನ ಅಡುಗೆಮನೆಯ ತಗಡನ್ನೇ ಕಿತ್ತುಕೊಟ್ಟಳು. ಏನೂ ಇಲ್ಲದವರು ಮೈ ಕೊಟ್ಟರು. ಮೂರು ಭಾನುವಾರ ದಾಗ್ಯಾವ್, ಊರೆಲ್ಲ ಸೇರಿ ಕೂಲಿಯಿಲ್ಲದ ದುಡಿಮೆ.

ದಾಗ್ಯಾವಿಗೆ ಕರೆದವರೇ ಬಂದವರಿಗೆ ಉಣ್ಣಿಸಬೇಕು. ಲೂದಿಯ ಮನೆಯಲ್ಲಿ ಗಂಜಿಗೂ ಗತಿಯಿರಲಿಲ್ಲ. ಕೊನೆಯ ಭಾನುವಾರ ಕ್ರಿಸ್ಪಿನ್ ಒಂದು ಮೂಟೆ ಅಕ್ಕಿ, ಒಂದು ಬುಟ್ಟಿ ಒಣಮೀನು ತಂದಿಳಿಸಿ, "ದಣಿಗಳು ಕಳ್ಸವ್ರೆ, ಬೇಯ್ಸು" ಎಂದಿದ್ದ. ಖಾಲಿ ಹೊಟ್ಟೆಯಲ್ಲಿ ಇಟ್ಟಿಗೆ ಹೊರುತ್ತಿದ್ದವರ ಮುಖ ನೋಡಿ ಲೂದಿ ಒಲೆ ಹಚ್ಚಿದಳು. ಅಲ್ಲೇ ಕೆಟ್ಟಳು.

"ದಾಗ್ಯಾವಲ್ಲಿ ಯಾರ್ ಅನ್ನ ಉಂಡ್ವೋ, ಕೆಲ್ಸಾನೂ ಅವ್ರದೇ ಅಲ್ವೇನವ್ವಾ" ಎಂದ, ಈಗ ಲೂದಿಯ ಹಿಂದೆಯೇ ಗದ್ದೆಯಿಂದ ಬಂದಿದ್ದ ಮುದುಕ ಮಾಮೆರ್ತೊ, ತಲೆ ಎತ್ತದೆ. "ನಮ್ಮಪ್ಪನ ಕಾಲದಿಂದ್ಲೂ ಹಂಗೇ. ಅವತ್ತೇ ಹೇಳ್ಬೇಕಾಗಿತ್ತು ನಾನು. ಹಸ್ದಿದ್ದೆ, ಬಾಯ್ ಮುಚ್ಕೊಂಡು ಉಂಡೆ."

ಲೂದಿ ಬೀಗವನ್ನು ನೋಡಿದಳು. ಮಗಳಿಗಾಗಿ ಕಟ್ಟಿದ್ದನ್ನು ತಾನೇ ಒಂದು ತುತ್ತಿಗೆ ಮಾರಿದ್ದಳು.

"ಉಂಡಿದ್ದು ನಾವು ತಾತ" ಎಂದಳು. "ಮಕ್ಳು ಉಂಡಿಲ್ವಲ್ಲ."

ಅಷ್ಟರಲ್ಲಿ ಚಿಕ್ಕ ಹುಡುಗಿಯೊಬ್ಬಳು ತಡೆಯಲಾರದೆ ಕಬ್ಬಿನ ಕಡೆ ಹೆಜ್ಜೆ ಹಾಕಿದಳು. ಲೂದಿ ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆತಂದಳು. ಬೀಗ ಹಾಕಿದ ಬಾಗಿಲ ಮೆಟ್ಟಿಲ ಮೇಲೇ ಕೂರಿಸಿದಳು. ಸೊಂಟದ ಲುಂಗಿ ಬಿಚ್ಚಿ, ಹರಕು ಒಳಲಂಗದಲ್ಲಿ ನಿಂತು, ಎರಡೂ ಕೈಯಲ್ಲಿ ಅದನ್ನು ಅಗಲಿಸಿ ಮರೆ ಹಿಡಿದಳು.

"ಥೂ, ಮಾನಗೆಟ್ಟ ಮುಂಡೆ! ದಣಿಗಳ ಕಾರು ಬರ್ತಾ ಐತೆ, ಉಟ್ಕೊಳ್ಳೇ!" ಎಂದು ಕ್ರಿಸ್ಪಿನ್ ಅರಚಿದ.

"ಬರ್ಲಿ, ನೋಡ್ಲಿ."

ಇನ್ನೊಬ್ಬಳು ಹೆಂಗಸು ಬಂದು ತನ್ನ ಲುಂಗಿ ಬಿಚ್ಚಿ ಪಕ್ಕದಲ್ಲಿ ನಿಂತಳು, ಆಮೇಲೆ ಮತ್ತೊಬ್ಬಳು. ಮಾಮೆರ್ತೊ ಆಚೆ ತಿರುಗಿ ಅಳುತ್ತಿದ್ದ. ಮೆಟ್ಟಿಲಿಂದ ಇಳಿದ ಉಚ್ಚೆ ಕ್ರಿಸ್ಪಿನ್‌ನ ಬೂಟಿನತ್ತ ಹರಿಯಿತು, ಅವನು ಹಿಂದೆ ಸರಿದ. ಕಾರಿನ ಹಾರ್ನು ತೀರಾ ಹತ್ತಿರ ಕೇಳಿಸಿತು. ಲೂದಿ ಕೈ ಇಳಿಸಲಿಲ್ಲ.

"ಮುಂದಿನೋಳು ಬಾರವ್ವ" ಎಂದಳು.