ಬೆನ್ನು ತಿರುಗಿಸಿದ ಶಾಟ್

ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು ಮೂರು ವರ್ಷ. ಇಬ್ಬರ ಕಸುಬೂ ಮಾತಾಡುವುದೇ: ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದ ದನಿ ಕೊಡುತ್ತಾರೆ. ಡಬ್ಬಿಂಗ್‌ನಲ್ಲಿ ಒಬ್ಬೊಬ್ಬರೇ ಬಂದು ತಮ್ಮ ಪಾಲಿನದನ್ನು ಹೇಳಿ ಹೋಗುವುದರಿಂದ ಈ ಜಗಳ ಯಾವ ತೊಂದರೆಯೂ ಇಲ್ಲದೆ ಆರಾಮಾಗಿ ಬೆಳೆದಿತ್ತು.

ಈ ಸಲ ಸಿಕ್ಕಿದ್ದು ಒಂದು ಹಿಂದಿ ಸಿನಿಮಾ. ತಮ್ಮನಿಗೆ ಸದಾ ‘ನಿನ್ನ ಕೈಲಾಗಲ್ಲ’ ಎನ್ನುತ್ತಲೇ ಇರುವ ಅಣ್ಣ, ಅದನ್ನು ನಂಬಿ ಕುಗ್ಗಿಹೋದ ತಮ್ಮ. ಅಣ್ಣನಿಗೆ ದೊಡ್ಡಪ್ಪನ ದನಿ, ತಮ್ಮನಿಗೆ ಅಪ್ಪನದು. ಕನ್ನಡದ ಮಾತು ಬರೆದವಳು ನಾನು, ಕಾಲೇಜಿಗೆ ಹೋಗುವ ಬಸ್ಸಿನಲ್ಲಿ, ಫೋನಿನಲ್ಲಿ. ನನ್ನ ಮೊದಲ ಕೆಲಸ. ಖುಷಿಗೆ ಎರಡು ಸಲ ಇಳಿಯುವ ಸ್ಟಾಪ್ ತಪ್ಪಿಸಿಕೊಂಡಿದ್ದೆ.

ಕೊನೆಯ ಜಗಳದ ದೃಶ್ಯ ಮಾತ್ರ ಕೈಕೊಟ್ಟಿತು. ಬೇರೆ ಬೇರೆ ರೆಕಾರ್ಡ್ ಮಾಡಿ ಜೋಡಿಸಿದರೆ, ಅಣ್ಣತಮ್ಮ ಬ್ಯಾಂಕಿನ ಕ್ಯೂನಲ್ಲಿ ನಿಂತವರ ಹಾಗೆ ಸರದಿ ಕಾದು ಬೈದಾಡುತ್ತಿದ್ದರು.

“ಜೀವ ಇಲ್ಲ ಕಣಮ್ಮ,” ಎಂದರು ಸೌಂಡ್ ಇಂಜಿನಿಯರ್. “ಇಬ್ಬರನ್ನೂ ಒಟ್ಟಿಗೆ ನಿಲ್ಸು. ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಎರಡೂ ಪಾತ್ರಕ್ಕೆ ಬೇರೆಯವರನ್ನ ಕರೀತಾರಂತೆ.”

ಪಾತ್ರ ಕೈತಪ್ಪುವ ಭಯಕ್ಕೆ ಇಬ್ಬರೂ ಬಂದರು. ಎರಡು ಮೈಕ್, ನಡುವೆ ನಾನು.

“ನಿಮ್ಮಪ್ಪಂಗೆ ಹೇಳು, ಮೈಕ್ ನುಂಗ್ಬೇಡ ಅಂತ,” ಎಂದರು ದೊಡ್ಡಪ್ಪ.

“ನಿಮ್ಮ ದೊಡ್ಡಪ್ಪಂಗೆ ಹೇಳು, ಡಬ್ಬಾ ದನಿ ಹತ್ರದಿಂದ ಬಂದ್ರೇನು, ದೂರದಿಂದ ಬಂದ್ರೇನು ಅಂತ,” ಎಂದರು ಅಪ್ಪ.

ಡಬ್ಬಾ ದನಿ. ಮೂರು ವರ್ಷದ ಹಿಂದೆ ಇದೇ ಸ್ಟುಡಿಯೋದಲ್ಲಿ ಎಲ್ಲರೆದುರು ದೊಡ್ಡಪ್ಪ ಅಪ್ಪನ ದನಿಯ ಬಗ್ಗೆ ಆಡಿದ ಮಾತು. ಅಂದಿನಿಂದ ಅಪ್ಪ ಬಚ್ಚಲಲ್ಲಿ ಹಾಡುವುದನ್ನೂ ಬಿಟ್ಟಿದ್ದರು.

ಮೊದಲ ಟೇಕ್ ಸಪ್ಪೆ. ಎರಡನೆಯದರಲ್ಲಿ ಅಪ್ಪ ತಡವರಿಸಿದರು. “ಇದೇ ಕೊನೇದು,” ಎಂದು ಇಂಜಿನಿಯರ್ ದನಿ ಹೆಡ್‌ಫೋನಿನಲ್ಲಿ ಬಂತು.

ಪರದೆಯ ಮೇಲೆ ಅಣ್ಣ ಕಿಟಕಿಯ ಕಡೆ ತಿರುಗಿದ. ನಮಗೆ ಕಾಣುವುದು ಬೆನ್ನು ಮಾತ್ರ. ಡಬ್ಬಿಂಗ್‌ನವರಿಗೆ ಬೆನ್ನಿನ ಶಾಟ್ ಎಂದರೆ ರಜೆ ಸಿಕ್ಕ ಹಾಗೆ. ತುಟಿ ಕಾಣದಿದ್ದರೆ ಏನು ಹೇಳಿದರೂ ಕೂರುತ್ತದೆ. ಅಲ್ಲಿಗೆ ನಾನು ‘ನಾನು ಹೇಳಿದ್ದೆಲ್ಲಾ ನಿನ್ನ ಒಳ್ಳೇದಕ್ಕೆ’ ಎಂದು ಬರೆದಿದ್ದೆ.

ದೊಡ್ಡಪ್ಪ ಕಾಗದದಿಂದ ಕಣ್ಣು ತೆಗೆದರು.

“ಅವತ್ತು ಎಲ್ಲರ ಮುಂದೆ ನಿನ್ನ ಆಡ್ಕೊಂಡಿದ್ದು ಹೊಟ್ಟೆಕಿಚ್ಚಿಗೆ ಕಣೋ. ನೀನು ನನಗಿಂತ ಚೆನ್ನಾಗಿ ಮಾಡ್ತೀಯ ಅಂತ ಗೊತ್ತಿತ್ತು.”

ಪರದೆಯಲ್ಲಿ ಈಗ ತಮ್ಮನ ಮುಖ, ತೆರೆ ತುಂಬ. ಅವನ ತುಟಿ ಅಲ್ಲಾಡುವಾಗ ಅಪ್ಪ ನಾನು ಬರೆದದ್ದನ್ನೇ ಹೇಳಬೇಕು, ಬೇರೆ ದಾರಿಯಿಲ್ಲ.

“ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ?”

ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕೊನೆಗೆ ದನಿ ಒಡೆದದ್ದು ಮಾತ್ರ ನಾನು ಬರೆದದ್ದಲ್ಲ. ಆಮೇಲೆ ಶುರುವಾಯಿತು ನೋಡಿ, ನಾನು ಬರೆದ ಜಗಳ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬಿತ್ತು, ಕಾಗದ ಹಾರಿತು, ಗಾಜಿನಾಚೆ ಇಂಜಿನಿಯರ್ ಎದ್ದೇ ನಿಂತರು.

ದೃಶ್ಯ ಮುಗಿಯಿತು.

“ಓಕೆ,” ಎಂದರು ಇಂಜಿನಿಯರ್. “ಆ ಬೆನ್ನಿನ ಮಾತು ಇರ್ಲಿ. ಹಿಂದಿಯವರಿಗೇ ಹೊಳೀಲಿಲ್ವಲ್ಲ ಇದು.”

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು. “ನಿಮ್ಮಪ್ಪಂಗೆ ಹೇಳು...”

“ನಂಗೇ ಹೇಳು. ಕಿವಿ ಇದೆ,” ಎಂದರು ಅಪ್ಪ.

“ಮೈಕ್ ನುಂಗ್ಬೇಡ.”

ಮೆಟ್ಟಿಲಿಳಿಯುವಾಗ ಅಪ್ಪ ಏನೋ ಗುನುಗಲು ಶುರುಮಾಡಿದರು. ಎರಡನೇ ಸಾಲಿಗೆ ದೊಡ್ಡಪ್ಪ ದನಿ ಸೇರಿಸಿದರು, ಶ್ರುತಿ ಸ್ವಲ್ಪ ತಪ್ಪಿತ್ತು. ಅಪ್ಪ ತಿದ್ದಿದರು. ದೊಡ್ಡಪ್ಪ ತಿದ್ದಿಕೊಂಡರು.

ನಾನು ಎರಡೆರಡು ಮೆಟ್ಟಿಲು ಹಾರಿ ಇಬ್ಬರಿಗಿಂತ ಮೊದಲು ಬೀದಿಗೆ ಬಂದೆ.